ನಲವತ್ತಾರಕ್ಕೆ ಓಗೊಟ್ಟದ್ದು

ಇದನ್ನು ಹೇಳುವ ಯೋಗ್ಯತೆ ನನಗಿದೆಯೇ ಎಂದು ಬಹಳ ಸಲ ಕೇಳಿಕೊಂಡಿದ್ದೇನೆ. ನಡೆದದ್ದು ನಮ್ಮ ಪುಟಾಣಿ ರೈಲು ಸಂಘದ ಎವ್ಝೆನ್‌ನ ಮನೆತನದ ಸಂಗತಿ. ತಂತಿ, ಬೆಸುಗೆಯ ವಿಷಯದಲ್ಲಿ ನನಗಿಂತ ಬಲ್ಲವರು ನಮ್ಮ ಸಂಘದಲ್ಲೇ ಇದ್ದಾರೆ. ಅವರಾರೂ ಬಾಯಿ ಬಿಡುತ್ತಿಲ್ಲವಾದ್ದರಿಂದ ಹೇಳುತ್ತಿದ್ದೇನೆ. ಎಲ್ಲಾದರೂ ತಪ್ಪಿದರೆ ಮನ್ನಿಸಬೇಕು.

ಕ್ರಿಸ್ಮಸ್ಸಿಗೆ ಮುಂಚಿನ ಆಡ್ವೆಂಟಿನ ಮೊದಲ ಭಾನುವಾರ ನಮ್ಮ ಊರಿನ ಸೊಕೊಲ್ ಎಂಬ ಕ್ರೀಡಾ ಸಂಸ್ಥೆಯ ವ್ಯಾಯಾಮಶಾಲೆಯಲ್ಲಿ ಪುಟಾಣಿ ರೈಲುಗಳ ಪ್ರದರ್ಶನ. ಬಾಗಿಲು ತೆರೆದ ಕೂಡಲೇ ನಡೆಯಬೇಕಾದ ಒಂದು ಪದ್ಧತಿ ಇದೆ. ಆ ವರ್ಷ ತೀರಿಕೊಂಡ ಸದಸ್ಯನ ರೈಲು ಎಲ್ಲಕ್ಕಿಂತ ಮೊದಲು ಒಂದು ಸುತ್ತು ಹಾಕಬೇಕು. ವ್ಯಾಯಾಮಶಾಲೆಯ ದೀಪಗಳನ್ನೆಲ್ಲ ಆರಿಸುತ್ತಾರೆ, ಆ ರೈಲಿನ ದೀಪ ಮಾತ್ರ ಕತ್ತಲಲ್ಲಿ ಸುತ್ತಿ ಬರುತ್ತದೆ. ಮಕ್ಕಳೂ ಸುಮ್ಮನಿರುತ್ತವೆ.

ಈ ಸಲದ ಸುತ್ತು ಓಲ್ಡಾನದು. ಓಲ್ಡಾ ಎಂದರೆ ಎವ್ಝೆನ್‌ನ ಅಣ್ಣ, ಓಲೊಮೌತ್ಸ್ ಪಟ್ಟಣದ ಕಡೆಯ ಕವಲು ಮಾರ್ಗದಲ್ಲಿ ನಿಜವಾದ ರೈಲು ಓಡಿಸುತ್ತಿದ್ದವನು. ಫೆಬ್ರವರಿಯಲ್ಲಿ ತೀರಿಕೊಂಡ. ಅಣ್ಣತಮ್ಮಂದಿರ ನಡುವೆ ಮಾತು ನಿಂತು ಎಷ್ಟೋ ವರ್ಷಗಳಾಗಿದ್ದವು. ಕಾರಣ ಕೇಳಿದರೆ ಹೊರಗಿನವರು ನಕ್ಕಾರು.

ಹಿಂದೆ ನಮ್ಮ ಹಳಿಗಳೆಲ್ಲ ಹಳೆಯ ಪದ್ಧತಿಯಲ್ಲಿದ್ದವು. ಗುಂಡಿ ತಿರುಗಿಸಿ ಕರೆಂಟು ಹೆಚ್ಚಿಸಿದರೆ ಆ ಹಳಿಯ ಮೇಲಿರುವ ಇಂಜಿನ್ನು ಓಡುತ್ತಿತ್ತು, ಇಳಿಸಿದರೆ ನಿಲ್ಲುತ್ತಿತ್ತು. ಆಮೇಲೆ ಡಿಜಿಟಲ್ ಬಂತು. ಹಳಿಯಲ್ಲಿ ಸದಾ ಕರೆಂಟು ಇರುತ್ತದೆ. ಪ್ರತಿ ಇಂಜಿನ್ನಿನ ಹೊಟ್ಟೆಯಲ್ಲಿ ಉಗುರಗಲದ ಒಂದು ಡಿಕೋಡರ್, ಅದಕ್ಕೊಂದು ಸಂಖ್ಯೆ. ಆ ಸಂಖ್ಯೆ ಕರೆದರೆ ಮಾತ್ರ ಅದು ಓಗೊಡುತ್ತದೆ. ಎವ್ಝೆನ್ ಇದರಲ್ಲಿ ಪಳಗಿದ. ಅಣ್ಣ ವರ್ಷಗಟ್ಟಲೆ ಕೂತು ಹಾಕಿದ್ದ ಹಳೆಯ ತಂತಿಗಳನ್ನೆಲ್ಲ ಸಂಘದ ಒಪ್ಪಿಗೆ ಪಡೆದೇ ಕತ್ತರಿಸಿ ತೆಗೆದ. ಓಲ್ಡಾ ಬಾಗಿಲಲ್ಲಿ ನಿಂತು ನೋಡಿದ.

"ಹೆಸರು ಹಿಡಿದು ಕರೆಯೋಕೆ ಅದೇನು ರೈಲೋ, ಸಾಕಿದ ನಾಯಿನೋ? ನಿನ್ನ ರೈಲು ನೀನೇ ಕರ್ಕೊ. ನನ್ನವು ಓಗೊಡಲ್ಲ" ಅಂದು ತನ್ನ ಡಬ್ಬಿಗಳನ್ನು ಎತ್ತಿಕೊಂಡು ಹೋದ. ಆಮೇಲೆ ಸಂಘದ ಮೆಟ್ಟಿಲು ಹತ್ತಲಿಲ್ಲ.

ಹಾಗಾಗಿ ಆ ಭಾನುವಾರ ಮಧ್ಯಾಹ್ನ ಓಲ್ಡಾನ ಹೆಂಡತಿ ವ್ಲಾಸ್ತಾ ಗಂಡನ ಕೆಂಪು ಮೋಟಾರು ಬೋಗಿಯನ್ನು, ಇಂಜಿನ್ನಿಲ್ಲದೆ ತಾನೇ ಓಡುವಂಥದ್ದನ್ನು, ತಂದು ಮೇಜಿನ ಮೇಲಿಟ್ಟಾಗ ಎವ್ಝೆನ್‌ಗೆ ಇದ್ದದ್ದು ಒಂದೇ ಚಿಂತೆ. ಹಳೆಯ ಬೋಗಿ, ಡಿಕೋಡರ್ ಇರುವುದಿಲ್ಲ, ಈಗ ಹಾಕಲು ಹೊತ್ತಿಲ್ಲ. ಗೇಣುದ್ದವೂ ಇಲ್ಲದ ಆ ಬೋಗಿಯ ಮೇಲ್ಚಾವಣಿಯನ್ನು ಉಗುರಿನಿಂದ ಮೀಟಿ ತೆಗೆದ. ಒಳಗೆ ಡಿಕೋಡರ್ ಇತ್ತು.

"ಅತ್ತಿಗೆ, ಇದನ್ನ ಯಾರು ಹಾಕಿದ್ದು?"

"ನನಗೇನು ಗೊತ್ತಪ್ಪ? ನಿಮ್ಮಣ್ಣ ಆಸ್ಪತ್ರೆಗೆ ಹೋಗೋ ಮುಂಚೆ ಡಬ್ಬಿಗೆ ಹಾಕಿ ಬೀರುವಿನಲ್ಲಿಟ್ರು. ಪ್ರದರ್ಶನಕ್ಕೆ ಇದನ್ನೇ ಕೊಡು ಅಂದಿದ್ರು. ನಾನು ಇವತ್ತೇ ತೆಗೆದದ್ದು."

ಎವ್ಝೆನ್ ಕನ್ನಡಕ ಏರಿಸಿ ಬಗ್ಗಿದ. ದೀಪಗಳಿಗೆ ಹೋಗುವ ಕೂದಲೆಳೆಯಂಥ ಒಂದೊಂದು ತಂತಿಯಲ್ಲೂ ಬೆಸುಗೆಗೆ ಸ್ವಲ್ಪ ಮುಂಚೆ ಒಂದು ಸಣ್ಣ ಗಂಟು. ಜಗ್ಗಿದರೂ ಬೆಸುಗೆ ಕಿತ್ತು ಬರದಿರಲೆಂದು ಹಾಗೆ ಗಂಟು ಹಾಕುತ್ತಿದ್ದವನು ಇಡೀ ಜಿಲ್ಲೆಯಲ್ಲಿ ಒಬ್ಬನೇ, ಓಲ್ಡಾ. ಎವ್ಝೆನ್‌ಗೆ ಬೆಸುಗೆ ಹಾಕಲು ಕಲಿಸಿದವನೂ ಅವನೇ.

ಹೊಸ ಡಿಕೋಡರುಗಳಿಗೆಲ್ಲ ಕಾರ್ಖಾನೆ ಇಟ್ಟ ಹೆಸರು ಒಂದೇ, ಮೂರು ಎಂಬ ಸಂಖ್ಯೆ. ಎವ್ಝೆನ್ ಬೋಗಿಯನ್ನು ಡಿಕೋಡರಿನೊಳಗೆ ಬರೆದದ್ದನ್ನು ಓದುವ ಹಳಿತುಂಡಿನ ಮೇಲಿಟ್ಟು ಅದರ ಸಂಖ್ಯೆ ಕೇಳಿದ. ಮೂರು ಎಂದೇ ಉತ್ತರ ಬಂತು. ದೊಡ್ಡ ಹಳಿಗೆ ಒಯ್ದು ಮೂರನ್ನು ಕರೆದ. ದೀಪವಿಲ್ಲ, ಮಿಸುಕಾಟವಿಲ್ಲ. ಹಳಿ ಒರೆಸಿ, ಚಕ್ರ ಒರೆಸಿ ಮತ್ತೆ ಕರೆದ. ಕೇಳಿಸಿಕೊಂಡೂ ಮುಖ ತಿರುಗಿಸಿದವರ ಹಾಗೆ ಬೋಗಿ ಸುಮ್ಮನೆ ನಿಂತಿತ್ತು.

ಸಂಘದ ಅಧ್ಯಕ್ಷ ಲೊಯ್ಜಾ ಸಾಸಿವೆ ಹಚ್ಚಿದ ಸಾಸೇಜು ಕಚ್ಚುತ್ತ ಬಂದ.

"ಏನಂತಾನೆ ನಿಮ್ಮಣ್ಣ? ಸತ್ತ ಮೇಲೂ ಡಿಜಿಟಲ್ ಬೇಡ ಅಂತಾನಾ?"

"ಸ್ವಲ್ಪ ಸುಮ್ನಿರು, ಲೊಯ್ಜಾ."

"ಸುಮ್ನಿರೋಕೆ ಹೊತ್ತೆಲ್ಲಿದೆ? ಹೊರಗೆ ಜನ ಚಳೀಲಿ ಕಾಲು ಕುಟ್ತಾ ನಿಂತವ್ರೆ. ಎಂಟನೇ ಮನೆಗೆ ಎಂಟು ಬರೆದು ಎಲ್ಲಾ ಅಳಿಸಿಬಿಡು. ಹೊಸದರ ಹಾಗಾಗುತ್ತೆ, ಮೂರು ಅಂದ್ರೆ ಓಡುತ್ತೆ."

ಲೊಯ್ಜಾ ಹೇಳಿದ್ದು ಸರಿಯೇ. ಡಿಕೋಡರಿನ ನೆನಪಿನಲ್ಲಿ ಸಾಲಾಗಿ ಅಂಕಿಯ ಮನೆಗಳಿವೆ, ಎಂಟನೇ ಮನೆಗೆ ಎಂಟು ಬರೆದರೆ ಅದರೊಳಗೆ ಯಾರು ಏನು ಬರೆದಿದ್ದರೂ ಅಳಿಸಿಹೋಗುತ್ತದೆ. ಎವ್ಝೆನ್‌ನ ಬೆರಳು ಗುಂಡಿಯವರೆಗೂ ಹೋಗಿ ನಿಂತಿತು. ಅಣ್ಣನ ತಂತಿಗಳನ್ನು ಒಮ್ಮೆ ಕಿತ್ತಾಗಿದೆ. ಇದರೊಳಗೆ ಅಣ್ಣ ಏನಾದರೂ ಬರೆದಿದ್ದರೆ? ಅಳಿಸಿದರೆ ಅಣ್ಣನ ಸುತ್ತು ನಡೆಯುತ್ತದೆ, ಆದರೆ ಅವನು ಬರೆದದ್ದು ಏನೆಂದು ಇನ್ನು ಯಾವತ್ತೂ ತಿಳಿಯುವುದಿಲ್ಲ. ಅಳಿಸದಿದ್ದರೆ ಸುತ್ತೇ ಇಲ್ಲ.

"ಮೊದಲು ಹಳೀಲಿ ಕರೆಂಟು ಸರಿಯಾಗಿದೆಯಾ ನೋಡ್ತೀನಿ" ಅಂದ. ಹೊತ್ತು ತಳ್ಳುವ ಮಾತು ಅದು. ಅಣ್ಣನ ಬೋಗಿಯನ್ನು ಪಕ್ಕದ ಹಳಿಗೆ ಸರಿಸಿ, ತನ್ನ ನೀಲಿ ಡೀಸೆಲ್ ಇಂಜಿನ್ನನ್ನು ಮುಖ್ಯ ಹಳಿಯ ಮೇಲಿಟ್ಟು ಅದರ ಸಂಖ್ಯೆ ಒತ್ತಿದ. ನಲವತ್ತಾರು. ಇಂಜಿನ್ನು ಮುಂದಕ್ಕೆ ಹೊರಟಿತು.

"ಅಯ್ಯೋ ದೇವರೇ" ಎಂದಳು ವ್ಲಾಸ್ತಾ.

ಎವ್ಝೆನ್ ತಿರುಗಿದ. ಪಕ್ಕದ ಹಳಿಯಲ್ಲಿ ಕೆಂಪು ಬೋಗಿಯ ಕಿಟಕಿಗಳು ಬೆಳಗಿದ್ದವು. ಯಾರೂ ಕರೆಯದ ಬೋಗಿ ಹಿಮ್ಮುಖವಾಗಿ, ಅವನ ಇಂಜಿನ್ನಿನದೇ ವೇಗದಲ್ಲಿ ಮೆಲ್ಲಗೆ ಸಾಗುತ್ತಿತ್ತು. ಅವನು ಇಂಜಿನ್ನನ್ನು ನಿಲ್ಲಿಸಿದ. ಬೋಗಿಯೂ ನಿಂತಿತು. ಕಿಟಕಿಗಳ ಬೆಳಕು ಆರಲಿಲ್ಲ. ವ್ಲಾಸ್ತಾ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು. ಲೊಯ್ಜಾನ ಸಾಸೇಜು ಕೈಯಲ್ಲೇ ಉಳಿಯಿತು.

ಲೊಯ್ಜಾ ಬೋಗಿಯ ಕಡೆ ಬಗ್ಗಿ, "ಬಾಲದ ಕೆಂಪು ದೀಪ ಹತ್ತಿಲ್ಲ ನೋಡು. ತಂತಿ ಬಿಟ್ಟಿರಬೇಕು" ಅಂದ.

ನಿಜ. ಹಿಮ್ಮುಖವಾಗಿ ಸಾಗುವಾಗ ಬೋಗಿಯ ಮೂತಿಯೇ ಬಾಲವಾಗುತ್ತದೆ. ಅಲ್ಲಿ ಎರಡು ಕೆಂಪು ದೀಪ ಉರಿಯಬೇಕಿತ್ತು. ರೈಲು ಇಲ್ಲಿಗೆ ಮುಗಿಯಿತು, ಇದರ ಹಿಂದೆ ಇನ್ನೇನೂ ಇಲ್ಲ ಎನ್ನುವ ಗುರುತು ಅದು. ಅಲ್ಲಿ ಕತ್ತಲೆ. ಎವ್ಝೆನ್ ಮತ್ತೆ ಚಾವಣಿ ತೆಗೆದು ತಂತಿ ಪರೀಕ್ಷಿಸಿದ. ಗಂಟು ಗಟ್ಟಿ, ಬೆಸುಗೆ ಗಟ್ಟಿ, ದೀಪವೂ ಚೆನ್ನಾಗಿತ್ತು. ಕೆಟ್ಟದ್ದಲ್ಲ, ಉರಿಯಬೇಡ ಎಂದು ಯಾರೋ ಅದಕ್ಕೆ ಹೇಳಿಟ್ಟಿದ್ದರು.

ಆಗ ಅವನಿಗೆ ಹೊಳೆಯಿತು. ಎರಡು ಇಂಜಿನ್ನುಗಳನ್ನು ಜೋಡಿಸಿ ಒಂದೇ ರೈಲಾಗಿ ಓಡಿಸುವಾಗ ನಾವು ಡಿಕೋಡರಿನ ಹತ್ತೊಂಬತ್ತನೇ ಮನೆಯಲ್ಲಿ ಜೊತೆಗಾರನ ಸಂಖ್ಯೆ ಬರೆಯುತ್ತೇವೆ. ಬರೆದ ಮೇಲೆ ಅದು ತನ್ನ ಸ್ವಂತ ಹೆಸರಿಗೆ ಓಗೊಡುವುದಿಲ್ಲ, ಜೊತೆಯ ಹೆಸರಿಗೆ ಮಾತ್ರ. ಆ ಮನೆಯನ್ನು ನೋಡಲು ಯಾರಾದರೂ ಮರೆಯುವುದೇ ಹೆಚ್ಚು. ಎವ್ಝೆನ್ ಬೋಗಿಯನ್ನು ಓದುವ ಹಳಿಗೆ ತಂದು ಹತ್ತೊಂಬತ್ತನ್ನು ಕೇಳಿದ. ಪರದೆಯ ಮೇಲೆ ನೂರ ಎಪ್ಪತ್ತನಾಲ್ಕು ಮೂಡಿತು.

"ಏನದು?" ಕೇಳಿದಳು ವ್ಲಾಸ್ತಾ.

"ನಲವತ್ತಾರು, ಅದಕ್ಕೆ ನೂರ ಇಪ್ಪತ್ತೆಂಟು ಕೂಡಿದೆ ಅತ್ತಿಗೆ. ನೂರ ಇಪ್ಪತ್ತೆಂಟು ಕೂಡಿದ್ರೆ..." ಅವನು ಕನ್ನಡಕ ತೆಗೆದು ಒರೆಸಿಕೊಂಡ. "ನಲವತ್ತಾರರ ಜೊತೆ ಹೋಗು, ಆದ್ರೆ ಅವನ ಕಡೆ ಮುಖ ಮಾಡಿಕೊಂಡು ಹೋಗು ಅಂತ ಅರ್ಥ."

"ನಲವತ್ತಾರು ಯಾರು?"

"ನಾನು."

ಮೂತಿಯಲ್ಲಿ ಕೆಂಪು ದೀಪ ಯಾಕಿಲ್ಲವೆಂದು ಈಗ ಯಾರೂ ಹೇಳಬೇಕಾಗಿರಲಿಲ್ಲ. ಅಲ್ಲಿ ರೈಲು ಮುಗಿಯುವುದಿಲ್ಲ. ಅಲ್ಲಿ ತಮ್ಮ ಇರಬೇಕು.

ವ್ಲಾಸ್ತಾ ಕಣ್ಣೊರೆಸಿಕೊಂಡು, "ನೋಡಪ್ಪ, ಹಟಮಾರಿ ಆದ್ರೂ ಒಳಗೆ ಪ್ರೀತಿ ಇತ್ತು" ಅಂದಳು. ಆದರೆ ಲೊಯ್ಜಾ ಬಿಳಿಚಿಕೊಂಡಿದ್ದ. ಎವ್ಝೆನ್ ಅವನ ಮುಖ ನೋಡಿದ, ನೋಡಿದ ಮೇಲೆ ತನಗೂ ನೆನಪಾಯಿತು.

"ಲೊಯ್ಜಾ, ನನ್ನ ಇಂಜಿನ್ನಿಗೆ ನಲವತ್ತಾರು ಅಂತ ಯಾವಾಗ ಇಟ್ಟದ್ದು?"

"ಈ ವರ್ಷ ಈಸ್ಟರ್ ಆದ್ಮೇಲೆ, ಏಪ್ರಿಲಲ್ಲಿ. ನಿನ್ನ ಹಳೇ ಸಂಖ್ಯೆ ಹನ್ನೆರಡನ್ನ ಹೊಸ ಸದಸ್ಯನಿಗೆ ಬಿಟ್ಟುಕೊಡು ಅಂತ ನಾನೇ ಅಲ್ವಾ ಹೇಳಿದ್ದು? ನೀನು ಗೊಣಗಿಕೊಂಡು, ಹಾಗಾದ್ರೆ ನಲವತ್ತಾರು ಅಂದೆ."

ಓಲ್ಡಾನನ್ನು ಮಣ್ಣು ಮಾಡಿದ್ದು ಫೆಬ್ರವರಿಯಲ್ಲಿ. ಬೋಗಿ ಅದಕ್ಕೂ ಮುಂಚಿನಿಂದ ಬೀರುವಿನಲ್ಲಿತ್ತು.

ಆ ಸಂಖ್ಯೆ ಆವತ್ತು ಯಾಕೆ ಬಾಯಿಗೆ ಬಂತೆಂದು ಎವ್ಝೆನ್ ಆಗ ಯೋಚಿಸಿರಲಿಲ್ಲ. ಈಗ ಯೋಚಿಸಿದ. ಅವರಪ್ಪ ಕೆಲಸ ಮಾಡುತ್ತಿದ್ದ ಇಂಜಿನ್ ಶೆಡ್ಡಿನಲ್ಲಿ ಅಪ್ಪನ ಬಟ್ಟೆ ಕಪಾಟಿನ ಸಂಖ್ಯೆ ಅದು. ಚಿಕ್ಕಂದಿನಲ್ಲಿ ಇಬ್ಬರೂ ಅದರೊಳಗೆ ಎದುರುಬದುರಾಗಿ, ಮೊಣಕಾಲಿಗೆ ಮೊಣಕಾಲು ತಾಗಿಸಿ ಅಡಗಿ ಕೂರುತ್ತಿದ್ದರು. ಕತ್ತಲಲ್ಲಿ ಅಣ್ಣನ ಉಸಿರು ಕೆನ್ನೆಗೆ ಬಡಿಯುತ್ತಿತ್ತು.

"ಅಳಿಸ್ತೀಯಾ?" ಲೊಯ್ಜಾ ಮೆಲ್ಲಗೆ ಕೇಳಿದ.

"ಇಲ್ಲ. ದೀಪ ಆರ್ಸು. ಜನರನ್ನ ಬಿಡು."

ವ್ಯಾಯಾಮಶಾಲೆ ಕತ್ತಲಾಯಿತು. ಜನ ಗೋಡೆಗಂಟಿ ನಿಂತರು. ಬಿಸಿ ವೈನಿನ, ಒದ್ದೆ ಕೋಟುಗಳ ವಾಸನೆ ಒಳಗೆ ಬಂತು. ಎವ್ಝೆನ್ ಕೆಂಪು ಬೋಗಿಯನ್ನೂ ನೀಲಿ ಇಂಜಿನ್ನನ್ನೂ ಮೂತಿಗೆ ಮೂತಿ ಕೊಟ್ಟು ಜೋಡಿಸಿದ. ತನ್ನ ಇಂಜಿನ್ನಿನ ಮುಂದಿನ ದೀಪ ಆರಿಸಿ, ಹಿಂದಿನ ಕೆಂಪನ್ನು ಮಾತ್ರ ಬಿಟ್ಟ. ನಲವತ್ತಾರನ್ನು ಕರೆದ.

ಎರಡೂ ಓಗೊಟ್ಟವು. ಮುಂದೆ ಅಣ್ಣನ ಬಿಳಿ ದೀಪ, ಹಿಂದೆ ತಮ್ಮನ ಕೆಂಪು ದೀಪ, ನಡುವೆ ಕೊಂಡಿ ಇದ್ದಲ್ಲಿ ಬರೀ ಕತ್ತಲೆ. ಸುರಂಗ ಹೊಕ್ಕು ಹೊರಬಂದು, ಸೇತುವೆ ದಾಟಿ, ಒಂದು ಸುತ್ತು ಪೂರ್ತಿ ಹಾಕಿ ನಿಲ್ದಾಣಕ್ಕೆ ಬಂದು ನಿಂತವು. ಎವ್ಝೆನ್ ಬೋಗಿಯ ಚಾವಣಿಯ ಮೇಲೆ ಬೆರಳಿಟ್ಟ. ಬೆಚ್ಚಗಿತ್ತು. ಓಡಿದ ಮೋಟಾರು ಬೆಚ್ಚಗಾಗುತ್ತದೆ, ಅದರಲ್ಲಿ ವಿಶೇಷವಿಲ್ಲ ಎಂದು ಆಮೇಲೆ ನನಗೆ ಅವನೇ ಹೇಳಿದ.

ಬೋಗಿ ಈಗ ಎವ್ಝೆನ್‌ನ ಹತ್ತಿರ ಇದೆ. ಹತ್ತೊಂಬತ್ತನೇ ಮನೆಯನ್ನು ಅವನು ಮುಟ್ಟಿಲ್ಲ. ಅಪ್ಪನ ಕಪಾಟನ್ನು ನೆನೆದು, ತಮ್ಮ ಒಂದಲ್ಲ ಒಂದು ದಿನ ಈ ಸಂಖ್ಯೆಗೇ ಬರುತ್ತಾನೆ ಎಂದು ಓಲ್ಡಾ ಊಹಿಸಿದ್ದನೇ? ಬರೀ ಕಾಕತಾಳೀಯವೇ? ಸಂಘದ ಮೆಟ್ಟಿಲು ಹತ್ತದವನು ಡಿಕೋಡರಿಗೆ ಬರೆಯುವುದನ್ನು ಎಲ್ಲಿ ಕಲಿತ, ಯಾವ ಯಂತ್ರದಿಂದ ಬರೆದ? ವ್ಲಾಸ್ತಾಳ ಮನೆಯಲ್ಲಿ ಅಂಥ ಯಂತ್ರವಿಲ್ಲ. ಜಿಲ್ಲೆಯ ಬೇರೆ ಸಂಘಗಳಲ್ಲಿ ವಿಚಾರಿಸಿದೆ, ತಾವು ಕಲಿಸಿದೆವೆಂದಾಗಲಿ ಬರೆದುಕೊಟ್ಟೆವೆಂದಾಗಲಿ ಯಾರೂ ಒಪ್ಪಲಿಲ್ಲ. ನನಗೆ ಗೊತ್ತಿಲ್ಲ.