ತೂತಿಲ್ಲದ ಡಬ್ಬಿ

ಗುಂಯ್ ಎನ್ನುತ್ತಿರುವುದು ಯಾವುದು, ತಲೆ ಮೇಲಿನ ಫ್ಯಾನೋ, ಮೇಜಿನ ಮೇಲಿನ ಈ ಕಪ್ಪು ಡಬ್ಬಿಯೋ, ಅಂಗೈಯಗಲದ ಕಂಪ್ಯೂಟರಿಗೆ ಇಷ್ಟು ಸದ್ದೇ, ಬೇಡ, ಎಂದು ಶೀತಲ ತಲೆಯಾಡಿಸಿದಳು, ಸಿಕಂದರಾಬಾದಿನ ಆ ಕಂಪ್ಯೂಟರ್ ಅಂಗಡಿಯ ರಾಮದಾಸ ಮತ್ತೊಂದು ತೆಗೆದಿಟ್ಟ, ಇದು ಜೋರು ಓಡುತ್ತದೆ ಮೇಡಂ ಎಂದ, ಓಡುವುದು ಯಾರಿಗೆ ಬೇಕಾಗಿದೆ, ಓಡುವವರು ಮನೆಯಲ್ಲೇ ಒಬ್ಬರಿದ್ದಾರೆ, ಅವಳಿಗೆ ಬೇಕಾದದ್ದು ಇಷ್ಟೇ, ಮನೆ ಬಾಗಿಲು ತೆರೆದರೆ ಆಫೀಸಿನಲ್ಲಿ ಅವಳ ಫೋನು ಬಡಿದುಕೊಳ್ಳಬೇಕು, ಕರೆಂಟು ಹೋಗಿ ಬಂದರೆ ಡಬ್ಬಿ ತಾನಾಗಿ ಎದ್ದು ಕೂರಬೇಕು, ನಡುವೆ ಸಾಯಬಾರದು, ಇಷ್ಟಕ್ಕೆ ನೆಟ್ಟಿನಲ್ಲಿ ಹತ್ತು ಜನರ ಹತ್ತು ಮಾತು ಓದಿ ಓದಿ ತಲೆ ಚಿಟ್ಟು ಹಿಡಿದಿದೆ, ಒಬ್ಬ ಹೊಗಳಿದ್ದನ್ನು ಇನ್ನೊಬ್ಬ ತಿಂಗಳಿಗೇ ಕೆಟ್ಟಿತು ಎನ್ನುತ್ತಾನೆ, ಮೊದಲು ತಂದ ಪುಟ್ಟ ಕಂಪ್ಯೂಟರ್ ಬೋರ್ಡಿನ ಮೆಮೊರಿ ಕಾರ್ಡು ಕರೆಂಟಿನ ಆಟಕ್ಕೆ ಹಾಳಾಯಿತು, ಎರಡನೆಯದು, ಆಫೀಸಿನವರು ತೆಗೆದುಹಾಕಿದ, ಈಗ ಚೀಲದಲ್ಲಿ ಹೊತ್ತು ತಂದಿರುವ ಮಿನಿ ಪಿಸಿ, ಮೂರು ತಿಂಗಳು ನೆಟ್ಟಗಿದ್ದು ಹೋದ ಗುರುವಾರ ಮಧ್ಯಾಹ್ನ ಕಾದು ಕೆಂಡವಾಗಿ ನಿಂತೇಹೋಯಿತು — ಅಪ್ಪನ ಬರಿಗಾಲು, ಮೇ ತಿಂಗಳ ಡಾಂಬರು — ಅವ್ವ ಸ್ನಾನಕ್ಕೆ ಹೋಗಿದ್ದಳು, ಬಾಗಿಲು ತೆರೆದಿತ್ತು, ಚಪ್ಪಲಿ ಇದ್ದಲ್ಲೇ ಇತ್ತು, ಫೋನು ಮಾತ್ರ ತುಟಿಪಿಟಕ್ಕೆನ್ನಲಿಲ್ಲ, ನಲವತ್ತು ವರ್ಷ ಸುಲ್ತಾನ್ ಬಜಾರಿನಲ್ಲಿ ಬಟ್ಟೆ ಅಳೆದ ಅಪ್ಪನಿಗೆ, ಸಿದ್ದರಾಮಪ್ಪನವರಿಗೆ, ಮಗಳ ಹೆಸರು ಮರೆತಿದೆ, ಅಂಗಡಿಯ ದಾರಿ ಮರೆತಿಲ್ಲ, ಎಂದೋ ಮುಚ್ಚಿಹೋದ ಅಂಗಡಿಯ ಷಟರಿನ ಮುಂದೆ ನಿಂತು ಇನ್ನಾ ಯಾಕ ತಗದಿಲ್ರಿ ಎಂದು ಬಂದವರನ್ನೆಲ್ಲ ಕೇಳುತ್ತಿದ್ದರಂತೆ, ಮೂರು ತಾಸು, ಅಂಗಾಲ ತುಂಬ ಬೊಬ್ಬೆ, ಈ ದರಿದ್ರ ಡಬ್ಬಿ ಮಾಡಿದವರ ಅಪ್ಪಂದಿರು ಹೀಗೆ ನಡೆಯಬೇಕಿತ್ತು, ಆಗ ಗೊತ್ತಾಗುತ್ತಿತ್ತು.

ತಂದ ಹಳೆಯದನ್ನು ರಾಮದಾಸ ಬಿಚ್ಚಿದ, ಊದಿದ, ಮೇಜಿನ ಮೇಲೆಲ್ಲ ಬಿಳಿ ಪುಡಿ, ಮನೆಗೆ ಸುಣ್ಣ ಹೊಡೆಸುತ್ತಿದ್ದೀರಾ ಎಂದು ಕೇಳಿದ, ಒಳಗಿನ ಫ್ಯಾನು ಪೂರ್ತಿ ಕಟ್ಟಿಕೊಂಡಿತ್ತು, ಗಾಳಿಯಾಡದೆ ಕಾದಿದೆ, ಯಂತ್ರದ ತಪ್ಪೇನಿಲ್ಲ ಎಂದ, ಶೀತಲ ಚಿಟಿಕೆ ಪುಡಿ ತೆಗೆದು ಮೂಸಿದಳು, ವಿಭೂತಿ, ಅಯ್ಯೋ ವಿಭೂತಿ, ಡಬ್ಬಿಯ ಮೇಲೆ ಮೂರು ಬೆರಳಿನ ಪಟ್ಟೆ ಕಂಡಿದ್ದಳು, ನಕ್ಕು ಸುಮ್ಮನಾಗಿದ್ದಳು, ಅವ್ವ ದಿನಾ ಲಿಂಗಪೂಜೆ ಮುಗಿಸಿ ಅಪ್ಪನ ಹಣೆಗೆ ಹಚ್ಚಿ ಆಮೇಲೆ ಅದಕ್ಕೂ ಹಚ್ಚುತ್ತಿದ್ದಳು, ನಿಮ್ಮಪ್ಪನ್ನ ಕಾಯೂದು ಅದ ಅಲ್ಲೇನವಾ ಅನ್ನುತ್ತಿದ್ದಳು, ನೀರು ತಾಗಸಬ್ಯಾಡವ್ವ ಎಂದು ಗದರಿದವಳು ತಾನೇ, ಅವ್ವ ಮಾತು ಮೀರಲಿಲ್ಲ, ಕಲಸದೆ ಒಣ ಪುಡಿಯನ್ನೇ ಹಚ್ಚಿದಳು, ಉಳಿದ ಚಿಟಿಕೆಯನ್ನು ಡಬ್ಬಿಯ ನೆತ್ತಿಯ ಗಾಳಿಕಿಂಡಿಗೆ ಉದುರಿಸಿದಳು, ತೊಂಬತ್ತು ದಿನ ತೊಂಬತ್ತು ಚಿಟಿಕೆ — ಬರಿಗಾಲು, ಡಾಂಬರು — ಮನೆಗೆ ಹೋಗಿ ಕೂಗಾಡಬೇಕು, ಏನು ಮಾಡಿದೆ ನೋಡವ್ವ ಎನ್ನಬೇಕು, ಅಂದರೆ ಆಯಿತು, ಮತ್ತೆ ಅವಳು ಅನ್ನ ತಿಂದಾಳೇ, ಆ ಬೊಬ್ಬೆಗಳಿಗೆ ಎಣ್ಣೆ ಹಚ್ಚುತ್ತ ಅಳುವುದು ಈಗಲೇ ಸಾಕಾಗಿದೆ, ರಾಮದಾಸಣ್ಣ, ಫ್ಯಾನಿಲ್ಲದ್ದು ಕೊಡಿ, ಒಂದೂ ತೂತಿರಬಾರದು, ಅದು ನಿಧಾನ ಮೇಡಂ, ಇರಲಿ ಕೊಡಿ, ಕಾವು ಬಿಡಲು ಮೈಯೆಲ್ಲ ಏಣು ಏಣಾದ ಭಾರದ ಡಬ್ಬಿ, ತಿರುಗಿಸಿ ತಿರುಗಿಸಿ ನೋಡುವಾಗಲೇ ಫೋನು, ಅವ್ವ.

ಹೊಸಾದು ಸಿಕ್ಕಿತೇನವಾ, ಸಿಕ್ಕಿತವ್ವ, ಹಳೇದಕ್ಕ ಏನಾಗಿತ್ತಂತ, ಹಳೇದಾಗಿತ್ತವ್ವ, ಅಷ್ಟ, ಅವ್ವ ಮತ್ತೆ ಕೇಳಿದಳು, ನಾ ಏನರ ಮುಟ್ಟಿದ್ದಕ್ಕ ಹಂಗಾತೇನ ಖರೇ ಹೇಳು, ಶೀತಲ ಮೇಜಿನ ಮೇಲಿನ ಬಿಳಿ ಪುಡಿಯನ್ನು ಅಂಗೈಯಿಂದ ಒರೆಸಿದಳು, ಇಲ್ಲವ್ವ, ನಿಂದೇನಿಲ್ಲ, ಅವ್ವ ಉಸಿರು ಬಿಟ್ಟದ್ದು ಕೇಳಿಸಿತು, ಹಂಗಾರ ಒಂದ ಹೊತ್ತು ಹಚ್ಚಿದ್ದು ಸಾಲಲಿಲ್ಲ, ಹೊಸಾದಕ್ಕ ದಿನಾ ಎರಡ ಹೊತ್ತು ಹಚ್ಚತೀನಿ, ಹಚ್ಚವ್ವ, ಎಂದಳು ಶೀತಲ, ಡಬ್ಬಿಯ ಹಿಂದೆ ವೈರು ಚುಚ್ಚಿದ ಮೇಲೂ ಖಾಲಿ ಉಳಿಯುವ ನಾಲ್ಕು ಕಿಂಡಿ, ಅವನ್ನು ಟೇಪಿನಿಂದ ಮುಚ್ಚಬೇಕು, ಇವತ್ತೇ ಮುಚ್ಚಬೇಕು, ಒಂದೇ ಒಂದು ಕಿಂಡಿ ಬಿಟ್ಟುಹೋದರೆ, ಅಪ್ಪನ ಬರಿಗಾಲು, ಡಾಂಬರು, ಬರಿಗಾಲು