ಕರ್ತನ ಭೋಜನದ ದಿನ ಇಳಿದ ಸಕ್ಕರೆ

ಮಿಸಿಸಿಪ್ಪಿ ಡೆಲ್ಟಾದ ನಮ್ಮ ಕಪ್ಪು ಜನರ ಕೇರಿಯಲ್ಲಿ ಸಕ್ಕರೆ ಕಾಯಿಲೆ ಕಾಲಿಡದ ಮನೆ ಅಪರೂಪ. ನಮ್ಮ ಚರ್ಚಿನಲ್ಲಿ ಪಾದ್ರಿಗೆ ನೆರವಾಗುವ ಡೀಕನ್ ರಾಸ್ಕೋ ಮನೆಯಲ್ಲಿ ಅದು ಹೆಂಡತಿ ಲವೋನಿಯಾಳನ್ನು ಹಿಡಿದಿತ್ತು.

ಚರ್ಚಿನ ಸಭೆಯ ನರ್ಸ್ ವರ್ನೆಲ್ ಒಂದು ವಾರ ಅವರ ಮನೆಗೆ ಒಪ್ಪಿಗೆ ಕಾಗದ ತಂದಿದ್ದಳು. ಅದರಲ್ಲಿದ್ದದ್ದು ತೋಳಿಗೆ ಅಂಟಿಸುವ ಪುಟ್ಟ ಬಿಲ್ಲೆಯ ವಿಷಯ. ರಕ್ತದಲ್ಲಿ ಸಕ್ಕರೆ ಇಳಿದರೆ ಅದು ಫೋನಿನಲ್ಲಿ ಕೂಗುತ್ತದೆ. ಅದರ ಸಂಶೋಧನೆಗೆ ಜನ ಬೇಕಾಗಿದ್ದರು.

"ನಮ್ಮ ಮೇಲೆ ಪ್ರಯೋಗ ಮಾಡೋಕಾ?" ರಾಸ್ಕೋ ಸಿಡಿದಿದ್ದ. "ಪಕ್ಕದ ಅಲಬಾಮಾದಲ್ಲಿ ಸಂಶೋಧನೆ ಅಂತ ಸರ್ಕಾರದ ಡಾಕ್ಟರುಗಳು ರೋಗ ಬಂದ ನಮ್ಮ ಗಂಡಸರಿಗೆ ನಲವತ್ತು ವರ್ಷ ಔಷಧಿ ಕೊಡದೆ ನೋಡ್ತಾ ಕೂತಿದ್ರಲ್ಲ, ಮರೆತ್ರಾ ಸಿಸ್ಟರ್?"

"ನಮ್ಮ ತಾತನ ಸೀಮೆ ಅದು. ಮರೆಯೋಕಾಗುತ್ತಾ?" ವರ್ನೆಲ್ ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡಿದ್ದಳು.

ತಿಂಗಳ ಮೊದಲ ಭಾನುವಾರ ಬಂತು, ಯೇಸುವಿನ ನೆನಪಿಗೆ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ದಿನ. ಕರ್ತನ ಭೋಜನವಾಗುವ ತನಕ ಲವೋನಿಯಾ ಬಾಯಿಗೆ ಏನೂ ಹಾಕುವವಳಲ್ಲ. ಇನ್ಸುಲಿನ್ ಮಾತ್ರ ಚುಚ್ಚಿಕೊಂಡು ಬಂದಿದ್ದಳು. ಹಾಡಿನ ನಡುವೆ ಅವಳ ಕೈ ನಡುಗಿತು, ಮೈ ತೂಗಿತು, ಏನೇನೋ ತೊದಲಿದಳು.

"ಹಲ್ಲೆಲೂಯಾ! ಪವಿತ್ರಾತ್ಮ ಇಳೀತು!" ಸಭೆ ಎದ್ದು ನಿಂತಿತು. ರಾಸ್ಕೋನೂ ಚಪ್ಪಾಳೆ ತಟ್ಟಿದ. ಅವಳು ಕುಸಿದಳು. ಪವಿತ್ರಾತ್ಮ ಬಂದು ಬಿದ್ದವರಿಗೆ ಮಾಡುವಂತೆ ಯಾರೋ ಕಾಲಿಗೆ ಬಿಳಿ ಬಟ್ಟೆ ಹೊದಿಸಿ ಬೀಸಣಿಗೆ ಬೀಸಿದರು.

ವರ್ನೆಲ್ ಜನರನ್ನು ತಳ್ಳಿಕೊಂಡು ಬಂದು ಕತ್ತು ಮುಟ್ಟಿದಳು. ತಣ್ಣನೆ ಬೆವರು. "ಚಪ್ಪಾಳೆ ನಿಲ್ಸಿ ಡೀಕನ್! ಇದು ಸಕ್ಕರೆ ಇಳಿದಿರೋದು! ಲವೋನಿಯಾ, ನುಂಗ್ತೀಯಾ?"

ಅವಳು ಹೂಂಗುಟ್ಟಿದಳು. ಹತ್ತಿರ ಸಿಹಿ ಅಂತ ಇದ್ದದ್ದು ರಾಸ್ಕೋ ಹಂಚಬೇಕಿದ್ದ ದ್ರಾಕ್ಷಾರಸ, ಮದ್ಯವಲ್ಲದ ಬರೀ ಹಣ್ಣಿನ ರಸ. ಪ್ರಾರ್ಥಿಸಿಟ್ಟ ಪವಿತ್ರ ರಸವೆಂದು ಅವನು ಹಿಂಜರಿದ. ಪಾದ್ರಿಯ ಮುಖ ನೋಡಿದ.

"ಕೊಡಯ್ಯಾ! ಕರ್ತ ಬೇಡ ಅಂತಾನಾ?" ಅಂದರು ಪಾದ್ರಿ.

ಹೆಬ್ಬೆರಳಷ್ಟು ಲೋಟ. ಒಂದು, ಎರಡು, ಹನ್ನೆರಡು. ಹಾಡು ನಿಂತಿತ್ತು. ಹೆಂಡತಿಯ ತಲೆ ತೊಡೆಯ ಮೇಲಿಟ್ಟುಕೊಂಡು ರಾಸ್ಕೋ ಕಾಲು ಗಂಟೆ ಕಾದ.

"ಇಡೀ ಬೆಂಚಿನವರ ಪಾಲು ನಾನೇ ಕುಡಿದ್ನಾ?" ಅಂದಳು ಲವೋನಿಯಾ. ಜನ ಅಳುತ್ತಲೇ ನಕ್ಕರು.

ರಾಸ್ಕೋ ನಗಲಿಲ್ಲ. "ಆ ಬಿಲ್ಲೆ ಇದ್ದಿದ್ರೆ ಕೂಗ್ತಿತ್ತಾ ಸಿಸ್ಟರ್?"

"ಕೂಗ್ತಿತ್ತೇನೋ. ಈ ಹಾಡಿನ ಗದ್ದಲದಲ್ಲಿ ಕೇಳ್ತಿತ್ತಾ? ಅದನ್ನ ಮಾಡಿದೋರಿಗೂ ಗೊತ್ತಿಲ್ಲ. ಇಲ್ಲಿವರೆಗೆ ಅದರ ಪರೀಕ್ಷೆಗೆ ಹೋದೋರು ಹೆಚ್ಚಾಗಿ ಬಿಳಿಯರು, ಅನುಕೂಲಸ್ಥರು. ಉಪವಾಸ ಬರೋರು, ಒಳ್ಳೆ ಫೋನ್ ಇಲ್ಲದೋರು ಅವರ ಕಣ್ಣಿಗೇ ಬಿದ್ದಿಲ್ಲ."

"ಕಾಗದ ತೆಗೀರಿ. ಬೇಡ ಅನಿಸಿದ ದಿನ ಸಂಶೋಧನೆ ಬಿಡಬಹುದಾ?" ಅಂದ ರಾಸ್ಕೋ.

"ಬಿಡಬಹುದು. ಬರೆದಿದೆ."

"ಹಾಗಾದ್ರೆ ಆ ಸಂಶೋಧನೆಯೋರು ಇಲ್ಲಿಗೇ ಬರಲಿ. ಭಾನುವಾರವೇ ಬರಲಿ." ಅವನು ಪೆನ್ನು ತೆಗೆದ.

"ತೋಳು ನಂದು ಕಣ್ರೀ," ಲವೋನಿಯಾ ಕೈ ಚಾಚಿದಳು. "ಪೆನ್ನು ಇತ್ತ ಕೊಡಿ."

ಅಕ್ಕ, ಅಣ್ಣ, ಉಪವಾಸದ ದಿನ ಇನ್ಸುಲಿನ್ ಎಷ್ಟೆಂದು ವೈದ್ಯರನ್ನು ಮೊದಲೇ ಕೇಳಿ. ನಡುಕ, ಬೆವರು, ತೊದಲು ಕಂಡರೆ, ನುಂಗಬಲ್ಲವರಿಗೆ ಸಿಹಿ ಕೊಡಿ. ನುಂಗಲಾರದವರಿಗೆ ಬಾಯಿಗೆ ಏನೂ ಹಾಕದೆ ಆಂಬುಲೆನ್ಸ್ ಕರೆಯಿರಿ. ಸಂಶೋಧನೆಗೆ ಕರೆದರೆ ಹೆದರಿ ಬಾಗಿಲು ಹಾಕಬೇಡಿ. ಪ್ರಶ್ನೆ ಕೇಳದೆ ಸಹಿಯೂ ಹಾಕಬೇಡಿ. ದೇವರು ನಮ್ಮ ತಲೆಗೂದಲನ್ನೂ ಎಣಿಸಿದ್ದಾನೆ. ಯಂತ್ರ ಮಾಡುವವರೂ ತಮ್ಮ ಪರೀಕ್ಷೆಯಲ್ಲಿ ನಮ್ಮನ್ನು ಎಣಿಸಲಿ.