ಕೋಳಿಪುಕ್ಕದ ಟೋಪಿ

"ಗವರ್ನರ್ ಅಂತೆ, ಗವರ್ನರ್. ಅಂಡು ಮುಚ್ಚೋಕೆ ನೆಟ್ಟಗೆ ಬಟ್ಟೆ ಇಲ್ಲ, ಬೋಳಿಮಗ ಗವರ್ನರ್ ಆಗವ್ನೆ. ಬಗ್ಗಲಾ. ಇನ್ನೂ ಬಗ್ಗು."

ಮೇಸ್ತ್ರಿ ಸಿಮಾವೊ ಮುಲೂಲನ ಕತ್ತನ್ನು ಅದುಮಿ ಹಣೆಯನ್ನು ನೆಲಕ್ಕೆ ಮುಟ್ಟಿಸಿದ. ಎದುರಿಗೆ ಬೆತ್ತದ ಕುರ್ಚಿಯಲ್ಲಿ ತೋಟದ ದೊರೆ ಹಾಕ್ಸ್‌ವೆಲ್ ಕೂತಿದ್ದ. ಹಳ್ಳದಿಂದ ಮಿಷನ್ನಿನ ಗೋಡೆಯವರೆಗೆ ಕಾಣುವ ಹೊಗೆಸೊಪ್ಪಿನ ಗುಡ್ಡಗಳೆಲ್ಲ ಅವನವು. ಮುಲೂಲನ ಗುಡಿಸಲು ನಿಂತ ಜಾಗವೂ ಅವನದೇ, ಗುಡಿಸಲ ಪಕ್ಕದ ಹುತ್ತವೂ ಅವನದೇ. ಹುತ್ತದೊಳಗಿನ ಗೆದ್ದಲೂ ತನ್ನವೇ ಎಂಬ ನಂಬಿಕೆ ಆ ಮಹಾರಾಯನಿಗಿತ್ತು.

ದೊರೆಯ ಕೈಯಲ್ಲಿ ಒಂದು ಕಾಗದವಿತ್ತು. ಮುಲೂಲನ ಬೆನಿ ಕುಣಿತದ ಮೇಳದವರು ಪಕ್ಕದ ತೋಟದ ಮೇಳಕ್ಕೆ ಬರೆದ ಸವಾಲಿನ ಕಾಗದ. ಎರಡು ಮೇಳ ಎದುರಾಬದುರಾ ಕುಣಿಯುವ ಮೊದಲು ಹಾಗೆ ಕಾಗದ ಬರೆಯುವುದು ಪದ್ಧತಿ. ಎಷ್ಟು ಜಂಬ ಕೊಚ್ಚಿದರೆ ಅಷ್ಟು ಮರ್ಯಾದೆ. ಆ ಕಾಗದ ದಾರಿ ತಪ್ಪಿ ಆ ತೋಟದ ದೊರೆಗೆ ಸಿಕ್ಕಿ, ಅವನಿಂದ ಈ ದೊರೆಗೆ ಬಂದಿತ್ತು.

"ಘನತೆವೆತ್ತ ಗವರ್ನರ್ ಮುಲೂಲ ಅವರ ಅಪ್ಪಣೆಯಂತೆ," ಎಂದು ಹಾಕ್ಸ್‌ವೆಲ್ ಓದಿದ. "ಭಾನುವಾರ ನಮ್ಮ ದಂಡು ಬಂದು ನಿಮ್ಮನ್ನು ಮಣ್ಣುಮುಕ್ಕಿಸಿ ನಿಮ್ಮ ನಾಡನ್ನು ವಶ ಮಾಡಿಕೊಳ್ಳುತ್ತದೆ. ಇದರ ಅರ್ಥ ಏನು?"

"ಕುಣಿತದಲ್ಲಿ, ಬ್ವಾನಾ," ಎಂದ ಮುಲೂಲ ನೆಲಕ್ಕೆ.

"ನಿಮ್ಮ ಹತ್ತಿರ ಬಂದೂಕು ಎಷ್ಟಿವೆ?"

"ಅನ್ನೆರಡು, ಬ್ವಾನಾ."

ಹಾಕ್ಸ್‌ವೆಲ್ ಕುರ್ಚಿಯಿಂದ ಎದ್ದೇಬಿಟ್ಟ.

"ಪಪ್ಪಾಯಿ ದಂಟಿನವು," ಎಂದು ಮುಲೂಲ ಸೇರಿಸಿದ. "ಎರಡು ಒಣಗೋಗವೆ."

ದೊರೆ ಮತ್ತೆ ಕೂತ. ಕೂತರೂ ವಿಚಾರಣೆ ನಿಲ್ಲಲಿಲ್ಲ. ಡಾಕ್ಟರ್ ಎಂದು ಬರೆದಿದೆಯಲ್ಲ, ಅವನು ಯಾರು? ನನ್ ಎಂಡ್ತಿ ಅಣ್ಣ, ಕಲೇಸೊ ಅಂತ. ಅವನು ಯಾವ ರೋಗ ವಾಸಿ ಮಾಡಿದ್ದಾನೆ? ಕುಣಿಯೋ ಒತ್ನಲ್ಲಿ ಕಾಲುನೋವು ಅಂತ ಕುಂತ್ಕೊಳ್ಳೋರ್ನ ವಾಸಿ ಮಾಡವ್ನೆ, ಬ್ವಾನಾ. ಹೀಗೆ ಒಂದು ತಾಸು ನಡೆದು, ಕೊನೆಗೆ ದೊರೆ ತೀರ್ಪು ಹೇಳಿದ. ಬರುವ ಶನಿವಾರ ನಿಜವಾದ ಗವರ್ನರ್ ಈ ತೋಟ ನೋಡಲು ಬರುತ್ತಾರೆ. ಒಂದೇ ತೋಟದಲ್ಲಿ ಇಬ್ಬರು ಗವರ್ನರ್ ಇರಕೂಡದು. ಆದ್ದರಿಂದ ಮುಲೂಲನನ್ನು ಇವತ್ತಿನಿಂದ ಮೇಳದ ಅಡುಗೆಯವನ ದರ್ಜೆಗೆ ಇಳಿಸಲಾಗಿದೆ. ಡಾಕ್ಟರ್ ಹಾಗೇ ಇರಲಿ, ಹೇಗೂ ತೋಟದಲ್ಲಿ ಬೇರೆ ಡಾಕ್ಟರ್ ಇಲ್ಲ. ಅವನ ಗವರ್ನರ್ ಟೋಪಿಯನ್ನು ಸಾಕ್ಷಿಯಾಗಿ ಕಚೇರಿಯಲ್ಲಿ ಇಡತಕ್ಕದ್ದು.

ಮುಲೂಲ ಹೆಬ್ಬೆಟ್ಟು ಒತ್ತಿದ. ಅಡುಗೆಯವನಾದ.

ಆ ಟೋಪಿಗೊಂದು ಕತೆಯಿದೆ. ಬಿಳಿಯರು ಬಿಳಿಯರು ಹೊಡೆದಾಡಿದ ದೊಡ್ಡ ಯುದ್ಧದಲ್ಲಿ ಮುಲೂಲನ ಸೋದರಮಾವನನ್ನು ಹೊರೆ ಹೊರಲು ಹಿಡಿದುಕೊಂಡು ಹೋಗಿದ್ದರು. ಎರಡು ವರ್ಷ ತಲೆಯ ಮೇಲೆ ಗುಂಡಿನ ಪೆಟ್ಟಿಗೆ ಹೊತ್ತು ಕಾಡು ಅಲೆದ. ಜೊತೆಗೆ ಹೋದವರು ಭೇದಿ ಹತ್ತಿ ದಾರಿಯುದ್ದಕ್ಕೂ ಬಿದ್ದರು. ಇವನು ವಾಪಸು ಬಂದಾಗ ತಂದದ್ದು ಎರಡೇ: ನೆತ್ತಿ ಒಡೆದ, ದೊರೆಗಳು ಹಾಕುವಂಥ ಒಂದು ಸೋಲಾ ಟೋಪಿ, ಮತ್ತು ದಂಡಿನವರು ಹೆಜ್ಜೆ ಹಾಕುವ ತಾಳ. ನೆತ್ತಿಯ ತೂತಿಗೆ ಬಿಳಿ ಹುಂಜದ ಪುಕ್ಕ ಸಿಕ್ಕಿಸಿದ. ಸೋರೆಬುರುಡೆಯ ತುದಿಗೆ ಜೇಡನ ಗೂಡಿನ ಪೊರೆ ಅಂಟಿಸಿ ತುತ್ತೂರಿ ಮಾಡಿದ. ಊದಿದರೆ ದಂಡಿನ ತುತ್ತೂರಿಗೆ ನೆಗಡಿ ಹಿಡಿದಂತೆ ಗುಂಯ್ ಅನ್ನುತ್ತಿತ್ತು. ಹಾಗೆ ಮೇಳ ಹುಟ್ಟಿತು. ವಾರವೆಲ್ಲ ಒದೆ ತಿಂದವರು ಭಾನುವಾರ ಕ್ಯಾಪ್ಟನ್ನು, ಸಾರ್ಜೆಂಟು, ಡಾಕ್ಟರು ಆಗುತ್ತಿದ್ದರು. ಮಾವ ಸತ್ತ ಮೇಲೆ ಟೋಪಿ ಮುಲೂಲನಿಗೆ ಬಂತು.

ಮೇಳಕ್ಕೆ ಇದ್ದದ್ದು ಒಂದೇ ಕಾನೂನು. ಟೋಪಿ ತಲೆಯ ಮೇಲೆ ಇರುವಷ್ಟು ಹೊತ್ತು ಗವರ್ನರ್ ಹೇಳಿದ್ದು ಆಗಬೇಕು. ಟೋಪಿಯನ್ನು ಗವರ್ನರೇ ತೆಗೆಯಬೇಕು, ಇನ್ನೊಬ್ಬರು ಕೈ ಹಾಕಬಾರದು. ಹೋದ ವರ್ಷ ಒಂಟಿ ಕಾಲಲ್ಲಿ ನಿಲ್ಲು ಎಂದು ಕಲೇಸೊಗೆ ಹೇಳಿ ಮುಲೂಲ ಮರೆತೇಬಿಟ್ಟಿದ್ದ. ಹಾಡು ಮುಗಿದು, ಗಂಜಿ ಹೆಂಡ ಕುಡಿದು, ಎಲ್ಲರೂ ಮನೆ ಸೇರಿದ ಮೇಲೂ ಕಲೇಸೊ ಮಾವಿನ ಮರದ ಕೆಳಗೆ ಒಂಟಿ ಕಾಲಲ್ಲೇ ನಿಂತಿದ್ದ. ಯಾಕೋ ಎಂದು ಕೇಳಿದವರಿಗೆ, "ಅಪ್ಪಣೆ ಇಲ್ವಲ್ಲ," ಎಂದಿದ್ದ. ಮೇಸ್ತ್ರಿಯಾಗುವ ಮೊದಲು ಸಿಮಾವೊ ಕೂಡ ಮೇಳದಲ್ಲಿ ಸಾರ್ಜೆಂಟ್ ಆಗಿದ್ದ. ಚಾವಟಿ ಕೈಗೆ ಬಂದ ಮೇಲೆ ಬರುವುದು ಬಿಟ್ಟ, ಆದರೆ ರಾಜೀನಾಮೆ ಅಂತ ಕೊಟ್ಟಿರಲಿಲ್ಲ.

ಬುಧವಾರ ಮೊದಲ ಮಳೆ ಬಿತ್ತು.

ಆ ನೆಲದಲ್ಲಿ ಮೊದಲ ಮಳೆ ಎಂದರೆ ಉಸಿರು. ಆ ನಾಲ್ಕೈದು ದಿನದ ಹದದಲ್ಲಿ ಮುಸುಕಿನ ಜೋಳ ಊರಿದರೆ ವರ್ಷವಿಡೀ ಎನ್ಸಿಮ ಮುದ್ದೆ, ತಪ್ಪಿದರೆ ಕಾಡುಗೆಣಸು ಅಗೆದು ತಿನ್ನುವುದು. ದೊರೆಯ ಹೊಗೆಸೊಪ್ಪಿನ ಸಸಿಗೂ ಅದೇ ಹದ ಬೇಕು. ಅದಕ್ಕೇ ತಂಗಾಟ ಎಂಬ ಬಿಟ್ಟಿ ಚಾಕರಿ ಸರಿಯಾಗಿ ಆಗಲೇ ಬೀಳುತ್ತಿತ್ತು. ಅವನ ನೆಲದಲ್ಲಿ ಗುಡಿಸಲು ಹಾಕಿದ್ದಕ್ಕೆ ಮೊದಲು ಅವನ ಸಸಿ, ಆಮೇಲೆ ನಿಮ್ಮ ಕಾಳು. ಹೋದ ಸಲ ತಡವಾಗಿ ಊರಿದ ಜೋಳ ಮೊಣಕಾಲೆತ್ತರಕ್ಕೇ ಒಣಗಿತ್ತು, ಆ ಬರಗೆಟ್ಟ ತಿಂಗಳುಗಳಲ್ಲೇ ಮುಲೂಲನ ಹೆಂಡತಿ ಫಲೇಸಿ ಕೈಗೂಸನ್ನು ಮಣ್ಣು ಮಾಡಿದ್ದಳು.

ಈ ಸಲ ಇನ್ನೂ ಚೆಂದ. ದೊರೆಗೆ ಸಸಿಯೂ ಮರೆತುಹೋಗಿತ್ತು. ಗವರ್ನರ್ ಬಂದಾಗ ಜನ ಹೇಗೆ ನಿಲ್ಲಬೇಕು, ಹೇಗೆ ಕೂಗಬೇಕು ಎಂದು ಅಭ್ಯಾಸ ಮಾಡಿಸಲು ಬುಧವಾರದಿಂದಲೇ ಮುನ್ನೂರು ಮಂದಿಯನ್ನು ಹೊಗೆಸೊಪ್ಪಿನ ಕಣಜದ ಮುಂದೆ ಮಳೆಯಲ್ಲಿ ನಿಲ್ಲಿಸಿದ.

"ಇದು ತಂಗಾಟದ ಲೆಕ್ಕಕ್ಕೆ ಬತ್ತದಾ, ಮೇಸ್ತ್ರಿ?" ಎಂದು ಕಲೇಸೊ ಕೇಳಿದ.

"ನಿಂತ್ಕೊಳ್ಳೋದು ಯಾವ ಸೀಮೆ ಕೆಲ್ಸಲಾ? ತಿಕ ಮುಚ್ಕೊಂಡು ನಿಂತ್ಕೊ," ಎಂದ ಸಿಮಾವೊ.

ಗುರುವಾರ ಒಂದು ತೊಡಕು ಎದ್ದಿತು. ಗವರ್ನರ್ ಬಂದರು ಎಂದುಕೊಳ್ಳಿ ಎಂದರೆ ಎಲ್ಲಿ ಬಂದರು, ಯಾವ ಕಡೆ ನೋಡಬೇಕು ಎಂದು ಯಾರಿಗೂ ತಿಳಿಯಲಿಲ್ಲ. ಮುನ್ನೂರು ಮಂದಿ ಮುನ್ನೂರು ಕಡೆ ತಿರುಗಿ ಸಲಾಮು ಹೊಡೆದರು. ಗುಮಾಸ್ತನನ್ನು ಗವರ್ನರ್ ಮಾಡೋಣವೆಂದರೆ ಅವನು ಚಳಿಜ್ವರದಲ್ಲಿ ಮಲಗಿದ್ದ. ಹಾಕ್ಸ್‌ವೆಲ್ ಸುತ್ತ ನೋಡಿ, "ಆ ಅಡುಗೆಯವನನ್ನು ಕರಿ," ಎಂದ. "ಅವನಿಗೆ ರೂಢಿಯಿದೆ. ಟೋಪಿಯನ್ನೂ ತಗೊಂಡು ಬಾ."

ಸಾಕ್ಷಿಗೆ ಇಟ್ಟ ಟೋಪಿ ಹೊರಗೆ ಬಂತು. ಸಿಮಾವೊ ಅದರ ಪುಕ್ಕದ ಧೂಳು ಕೊಡವಿ ಮುಲೂಲನ ತಲೆಗಿಟ್ಟ. ಇಟ್ಟ ಕೈ ಕೆಳಗಿಳಿಯಲಿಲ್ಲ, ತಾನಾಗಿಯೇ ಅವನ ಹಣೆಗೆ ಹೋಗಿ ಸಲಾಮಾಗಿ ನಿಂತಿತು. ಗಾಬರಿಬಿದ್ದು ಅದನ್ನು ಇನ್ನೊಂದು ಕೈಯಿಂದ ಎಳೆದುಕೊಂಡ.

ಮುಲೂಲನನ್ನು ಹೊಗೆಸೊಪ್ಪಿನ ಗಾಡಿಯಲ್ಲಿ ಕೂರಿಸಿ ನಾಲ್ವರು ಎಳೆದು ತಂದರು. ಹಾಕ್ಸ್‌ವೆಲ್ ಮುಂದೆ ಬಂದು ಸೊಂಟ ಬಗ್ಗಿಸಿ, "ಘನತೆವೆತ್ತವರಿಗೆ ಸ್ವಾಗತ," ಎಂದು ಕೈಹಿಡಿದು ಇಳಿಸಿಕೊಂಡ. ಮೊನ್ನೆ ನೆಲಕ್ಕೆ ಒತ್ತಿಸಿದ ಹಣೆಯ ಗಾಯ ಇನ್ನೂ ಹಸಿಯಿತ್ತು, ಟೋಪಿ ಅದನ್ನು ಮುಚ್ಚಿತ್ತು.

ಮುಲೂಲ ಹೇಳಬೇಕಾದದ್ದು ಒಂದೇ ಮಾತು. "ನೀವೆಲ್ಲ ಸುಖವಾಗಿದ್ದೀರಾ?"

"ಸುಖವಾಗಿದ್ದೀವಿ, ಮಹಾಸ್ವಾಮಿ," ಎಂದು ಜನ ಕೂಗಬೇಕು.

ಕೂಗಿದರು. ದೊರೆಗೆ ಹಿಡಿಸಲಿಲ್ಲ. ಸುಖ ಸಾಲದು ಎಂದ. ಮತ್ತೆ ಗಾಡಿ ಹಿಂದೆ ಹೋಯಿತು, ಮತ್ತೆ ಬಂತು, ಮತ್ತೆ ಸುಖವಾಗಿದ್ದೀರಾ. ಮೂರನೇ ಸಲ ಹಿಂದಿನ ಸಾಲಿನವರು ಸುಖವಾಗಿಲ್ಲ ಎಂದು ಸಿಮಾವೊ ಚಾವಟಿ ತಗೊಂಡು ಅತ್ತ ಹೋಗಿ ಬಂದ. ನಾಲ್ಕನೇ ಸಲ ಸುಖ ಜೋರಾಗಿ ಬಂತು, ಆದರೆ ಒಬ್ಬಳು ಮುದುಕಿ ಕೆಮ್ಮಿಬಿಟ್ಟಳು.

ಐದನೇ ಸಲ ಗಾಡಿಯಿಂದ ಇಳಿಯುವಾಗ ಮುಲೂಲ ಫಲೇಸಿಯನ್ನು ನೋಡಿದ. ಮುಂದಿನ ಸಾಲಿನಲ್ಲಿ ನೆನೆದು ತೊಪ್ಪೆಯಾಗಿ ನಿಂತಿದ್ದಳು. ಬಿಟ್ಟ ಕೂಡಲೇ ಹೊಲಕ್ಕೆ ಓಡೋಣವೆಂದು ಬಿತ್ತನೆ ಕಾಳನ್ನು ಸೊಂಟಕ್ಕೆ ಕಟ್ಟಿಕೊಂಡೇ ಬಂದಿದ್ದಳು. ಎರಡು ದಿನದಿಂದ ಆ ಗಂಟು ಅಲ್ಲೇ ಇತ್ತು. ಅವಳು ಗಂಟಿನ ತುದಿ ಬಿಚ್ಚಿ ಅವನಿಗೆ ತೋರಿಸಿದಳು. ಬಟ್ಟೆಯಲ್ಲೇ ಕಾಳು ಮೊಳಕೆ ಒಡೆದಿತ್ತು.

ಮುಲೂಲನ ಬಾಯಿಗೆ ಬಂದ ಮಾತು ಬೇರೆಯಾಯಿತು.

"ಬಿತ್ತನೆ ಆಯ್ತಾ?"

ಹಾಕ್ಸ್‌ವೆಲ್ ತಲೆಯಾಡಿಸಿದ. ಗವರ್ನರ್ ಅಂಥದ್ದೊಂದು ಮಾತು ಕೇಳಿದರೂ ಕೇಳಬಹುದು, ಅಭ್ಯಾಸ ಇರುವುದು ಒಳ್ಳೆಯದು ಎನಿಸಿತು ಅವನಿಗೆ.

"ಗವರ್ನರ್ ಕೇಳ್ತಾವ್ನೆ," ಎಂದ ಮುಲೂಲ. "ಬಿತ್ತನೆ ಆಯ್ತಾ, ಡಾಕ್ಟ್ರೇ?"

ಕಲೇಸೊ ಎದೆ ಸೆಟೆಸಿ ಸಲಾಮು ಹೊಡೆದ. "ಇಲ್ಲ, ಮಹಾಸ್ವಾಮಿ."

"ಮತ್ತೆ ಇಲ್ಲಿ ಯಾಕೆ ನಿಂತಿದ್ದೀರಿ?"

"ಸುಖವಾಗಿದ್ದೀವಿ ಅಂತ ಯೋಳೋಕೆ, ಮಹಾಸ್ವಾಮಿ."

ಯಾರೋ ಕಿಸಕ್ಕೆಂದರು. ಮುಲೂಲ ಟೋಪಿಯನ್ನು ಗಟ್ಟಿಯಾಗಿ ಕೆಳಗೆಳೆದುಕೊಂಡ.

"ಕೇಳ್ರಪ್ಪ. ಎಲ್ರೂ ಅವರವರ ಒಲಕ್ಕೆ ಓಗಿ. ಬಿತ್ತನೆ ಮುಗಿಯೋಗಂಟ ತಂಗಾಟ ಇಲ್ಲ, ಸಲಾಮೂ ಇಲ್ಲ. ಇದು ಗವರ್ನರ್ ಹುಕುಂ. ಬ್ಯಾಂಡು."

ಮೂಲೆಯಲ್ಲಿ ಗವರ್ನರರಿಗಾಗಿ ದಂಟು, ಬುರುಡೆಗಳ ಜೊತೆ ತಂದಿಟ್ಟಿದ್ದ ಮೇಳದ ನಗಾರಿ ಧಬಕ್ಕನೆ ಎದ್ದಿತು. ಬುರುಡೆಗಳು ಗುಂಯ್ಗುಟ್ಟಿದವು. ಮೇಳದವರು ಪಪ್ಪಾಯಿ ದಂಟನ್ನು ಹೆಗಲಿಗಿಟ್ಟು ನಾಲ್ಕು ನಾಲ್ಕು ಜನರ ಸಾಲು ಕಟ್ಟಿದರು, ಹಿಂದೆ ಉಳಿದವರೂ ಕಟ್ಟಿದರು. ಮುನ್ನೂರು ಮಂದಿ ಎಡ ಬಲ ಎಡ ಬಲ ಎಂದು ಕೆಸರು ಹಾರಿಸುತ್ತ ಗೇಟು ದಾಟಿ ಹೋದರು. ಗವರ್ನರ್ ಮತ್ತೆ ಹತ್ತಿ ಕೂತ ಗಾಡಿ ಎದುರಿಂದ ಹಾಯುವಾಗ ಹಾಕ್ಸ್‌ವೆಲ್ ಸಲಾಮು ಹೊಡೆದುಕೊಂಡೇ ನಿಂತಿದ್ದ. ಎರಡು ದಿನದ ಅಭ್ಯಾಸ ಪಾಪ, ಕೈ ಕೇಳಲಿಲ್ಲ. ಅಂಗಳ ಪೂರ್ತಿ ಖಾಲಿಯಾದ ಮೇಲೆ ಅವನಿಗೆ ಅರಿವಾಗಿ, "ಅಭ್ಯಾಸ ಮುಗೀತು, ಮುಗೀತು," ಎಂದು ಅರಚಿದ. ಟೋಪಿ ತೆಗೆಯದೆ ಅದು ಮುಗಿಯುವುದಾದರೂ ಹೇಗೆ.

ಮುಲೂಲ ಟೋಪಿ ತೆಗೆಯಲಿಲ್ಲ. ಟೋಪಿ ಹಾಕಿಕೊಂಡೇ ಗುದ್ದಲಿ ಹಿಡಿದ, ಟೋಪಿ ಹಾಕಿಕೊಂಡೇ ಉಂಡ, ಮಲಗುವಾಗ ಮಾತ್ರ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಿದ.

"ಕತ್ತು ಉಳುಕ್ತದೆ," ಎಂದಳು ಫಲೇಸಿ.

"ಉಳುಕ್ಲಿ ಬುಡು. ತೆಗುದ್ರೆ ಅವ್ರೆಲ್ಲ ವಾಪಸ್ ಓಗ್ಬೇಕಾಯ್ತದೆ."

ಶುಕ್ರವಾರ ಬಿಸಿಲೇರುವ ಹೊತ್ತಿಗೆ ಸಿಮಾವೊ ಬಂದ. ಗುಡಿಸಲು ಸುಡಬೇಕೆಂದು ದೊರೆಯ ಅಪ್ಪಣೆಯಾಗಿತ್ತು. ತೋಟ ಬಿಡಿಸಬೇಕಾದವರಿಗೆಲ್ಲ ಅಲ್ಲಿ ಅದೇ ಗತಿ. ಬಿಸಿಲು ಎನ್ನುವುದು ಹೆಸರಿಗೆ, ಜಿಟಿಜಿಟಿ ನಿಂತಿರಲಿಲ್ಲ. ಸಿಮಾವೊ ಕಡ್ಡಿ ಗೀರಿ ಹುಲ್ಲಿನ ಸೂರಿಗೆ ಹಿಡಿದ. ಚುಂಯ್ ಎಂದು ಆರಿತು. ಇನ್ನೊಂದು ಗೀರಿದ. ಹತ್ತು ಹನ್ನೆರಡು ಕಡ್ಡಿ ಹೀಗೇ ಹೋದವು.

"ಒಳಗಡೆಯಿಂದ ಅಚ್ಚು ಕಣಪ್ಪ," ಎಂದಳು ಫಲೇಸಿ ಗುಳಿಯಲ್ಲಿ ಕಾಳು ಹಾಕುತ್ತ. "ಒಳಗೆ ಉಲ್ಲು ಒಣಗ್ಕೊಂಡದೆ. ಅಷ್ಟೂ ಗೊತ್ತಾಗಲ್ವಾ ನಿಂಗೆ?"

ಸಿಮಾವೊ ಬಾಗಿಲಿಗೆ ಕಾಲಿಟ್ಟ. ಆಗ ಮುಲೂಲ ಗುದ್ದಲಿಯಿಂದ ತಲೆಯೆತ್ತಿದ. ಪುಕ್ಕ ಮಳೆಗೆ ಜೋತು ಮೂಗಿನ ಮೇಲೆ ಬಿದ್ದಿತ್ತು.

"ಸಾರ್ಜೆಂಟ್ ಸಿಮಾವೊ. ಅಲ್ಲೇ ನಿಲ್ಲು."

ಸಿಮಾವೊ ಹೊಸ್ತಿಲ ಮೇಲೆ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತುಬಿಟ್ಟ.

"ಟೋಪಿ ತೆಗಿಯಣ್ಣ," ಎಂದ. ಮೇಸ್ತ್ರಿಯಾದ ಹದಿನಾಲ್ಕು ವರ್ಷದಿಂದ ಅವನ ಬಾಯಲ್ಲಿ ಅಣ್ಣ ಎನ್ನುವ ಮಾತು ಬಂದಿರಲಿಲ್ಲ. "ಒಂದ್ಗಳಿಗೆ ತೆಗುದ್ಬುಡು. ನಿನ್ ಮನೆ ಸುಟ್ಬುಟ್ಟು ಓಯ್ತೀನಿ. ಸುಡ್ದಿದ್ರೆ ನನ್ ಮನೆ ಸುಡ್ತಾನೆ ಕಣಣ್ಣ ಆ ನಾಯಿ. ನಿನ್ ದಮ್ಮಯ್ಯ ಅಂತೀನಿ."

"ಬಿತ್ತನೆ ಮುಗೀಲಿ."

"ಯಾವಾಗ ಮುಗೀತದೆ?"

"ಅರ್ಧ ಒಲ ಅದೆ."

ಸಿಮಾವೊ ಹಾಗೇ ನಿಂತ. ಸುತ್ತಲ ಇಳಿಜಾರಿನಲ್ಲೆಲ್ಲ ಬೆನ್ನುಗಳು ಬಗ್ಗಿದ್ದವು, ಎಲ್ಲಿ ನೋಡಿದರೂ ಗುದ್ದಲಿ ಎದ್ದು ಬೀಳುತ್ತಿತ್ತು. ಅಷ್ಟರಲ್ಲಿ ಕೆಳಗಿನ ದಾರಿಯಲ್ಲಿ ಹಾಕ್ಸ್‌ವೆಲ್‌ನ ಮೋಟಾರು ಗುರುಗುಟ್ಟಿತು. ಅದರಿಂದ ಇಬ್ಬರು ಪೊಲೀಸಿನವರು ಇಳಿದರು. ಅವರು ದೂರದ ಬಯಲು ನಾಡಿನವರು, ಮೇಳ ಗೀಳ ಅರಿಯದವರು. ಅವರ ಕೈಯಲ್ಲಿ ಹಗ್ಗವಿತ್ತು.

ಮುಲೂಲ ಅವರು ಮೇಲೆ ಹತ್ತಿ ಬರುವವರೆಗೆ ಇನ್ನೂ ಮೂರು ಗುಳಿ ತೆಗೆದ. ಅವರು ಹುತ್ತದ ಹತ್ತಿರ ಬಂದಾಗ ಗುದ್ದಲಿಯನ್ನು ನೆಲಕ್ಕೆ ಇಟ್ಟು, ಎರಡೂ ಕೈಯಿಂದ ಟೋಪಿ ಎತ್ತಿದ. ಸಿಮಾವೊ ಅಬ್ಬ ಎಂದು ಉಸಿರುಬಿಟ್ಟು ಒಂದು ಕಡ್ಡಿ ಹೊರತೆಗೆದ.

ಮುಲೂಲ ಟೋಪಿಯನ್ನು ಫಲೇಸಿಯ ತಲೆಗೆ ಇಟ್ಟ.

ಮೇಳದಲ್ಲಿ ಹೆಂಗಸು ಗವರ್ನರ್ ಆದದ್ದಿಲ್ಲ. ಆಗಬಾರದು ಎಂದೂ ಯಾರೂ ಹೇಳಿರಲಿಲ್ಲ. ಟೋಪಿ ಅವಳಿಗೆ ದೊಡ್ಡದಾಗಿ ಕಣ್ಣಿನವರೆಗೆ ಇಳಿಯಿತು. ಪೊಲೀಸಿನವರು ಮುಲೂಲನ ಕೈಗಳನ್ನು ಹಿಂದಕ್ಕೆ ಕಟ್ಟಿ ಇಳಿಜಾರಿನಲ್ಲಿ ನೂಕಿಕೊಂಡು ಹೊರಟರು. ಅವಳು ಅವನು ಹೋಗುವುದನ್ನು ಸ್ವಲ್ಪ ಹೊತ್ತು ನೋಡಿದಳು. ಅಳು ಬಂತು, ಅತ್ತಳು. ಆಮೇಲೆ ಹಿಂಗೈಯಿಂದ ಮುಖ ಒರೆಸಿಕೊಂಡು, ಟೋಪಿಯನ್ನು ಹಿಂದಕ್ಕೆ ಸರಿಸಿ ಹೊಸ್ತಿಲ ಕಡೆ ತಿರುಗಿದಳು.

ಕೆಳಗೆ ಹಾಕ್ಸ್‌ವೆಲ್ ಮೋಟಾರಿನ ಪಕ್ಕ ನಿಂತು, "ಬೆಂಕಿ ಎಲ್ಲಿ, ಸಿಮಾವೊ? ಬೆಂಕಿ ಎಲ್ಲಿ?" ಎಂದು ಕೂಗುತ್ತಿದ್ದ.

"ಸಾರ್ಜೆಂಟ್," ಎಂದಳು ಫಲೇಸಿ. "ಅವ್ನ್ ಗುದ್ದಲಿ ಎತ್ಕೊ. ಮೊಳಕೆ ಮುರಿಯದಂಗೆ ನೋಡ್ಕೊ."

ಸಿಮಾವೊ ಕೆಸರಲ್ಲಿ ಬಿದ್ದಿದ್ದ ಗುದ್ದಲಿ ನೋಡಿದ. ಎಡಗೈಯಲ್ಲಿದ್ದ ಕಡ್ಡಿಪೆಟ್ಟಿಗೆ ನೋಡಿದ. ಅವಳ ಮಾತು ಕೇಳಿದ್ದೇ ಹಣೆಗೆ ಹೋದ ಬಲಗೈ ಅಲ್ಲೇ ಇತ್ತು, ಇಳಿಸಲು ಅವನಿಗೆ ಆಗಲಿಲ್ಲ.

"ಅರ್ಧ ಒಲ ಅದೆ," ಎಂದಳು ಅವಳು.